ಊರು ಬಿಟ್ಟವರ ಕಥೆ, ಊರಲ್ಲೇ ಉಳಿದವರು

ಲಿಂಗತ್ವ ಅಲ್ಪಸಂಖ್ಯಾತರ ಬದುಕು ಕನ್ನಡದಲ್ಲಿ ಗಂಭೀರ ಬರವಣಿಗೆಯ ವಸ್ತುವಾಗಿ ಹೆಚ್ಚು ಕಾಲವಾಗಿಲ್ಲ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು; ಹೆಗ್ಗೋಡಿನ ಜನಮನದಾಟ ಅದನ್ನು ನಾಟಕವಾಗಿಸಿತು. 2013ರಲ್ಲಿ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಬಂತು. 2015ರಲ್ಲಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ತೆರೆಕಂಡಿತು. ಇವನ್ನು ಮೆಚ್ಚಿ ಬರೆದವರಿಗೇನೂ ಕೊರತೆಯಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಕೂತು ಇವೇ ಕೃತಿಗಳನ್ನು ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಇಲ್ಲೆಲ್ಲ ಹುಟ್ಟಿದೂರು ಎಂದರೆ ಬಿಟ್ಟುಹೋಗುವ ಜಾಗ. ಬಿಡದೆ ಉಳಿದವರ ಗತಿಯೇನು?

ಸಿನಿಮಾದ ಮಾತನ್ನೇ ತೆಗೆದುಕೊಳ್ಳೋಣ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆ ಕನ್ನಡ ತೆರೆಗೆ ಬರುವಾಗ ನಾಯಕನಿಗೆ ಮಾದೇಶ ಎಂದು ಹೆಸರಿಟ್ಟರು. ಇದು ನಮ್ಮ ಸೀಮೆಯ ಹೆಸರು. ಕೋಟೆಯ ಯಾವ ಹಳ್ಳಿಯಲ್ಲಿ ಕೂಗಿದರೂ ಒಬ್ಬ ಮಾದೇಶ ತಿರುಗಿ ನೋಡುತ್ತಾನೆ. ಆ ಮಾದೇಶ ವಿದ್ಯಾ ಆಗುವುದನ್ನು ಸಂಚಾರಿ ವಿಜಯ್ ಎಷ್ಟು ಮನಮುಟ್ಟುವಂತೆ ಅಭಿನಯಿಸಿದರೆಂದರೆ ರಾಷ್ಟ್ರಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. (2021ರಲ್ಲಿ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು.) ಆದರೆ ನಮ್ಮಲ್ಲಿ ಚರ್ಚೆಯಾದದ್ದು ಬಹುಪಾಲು ಆ ಅಭಿನಯವೇ. ಗಂಡು ಹೆಣ್ಣಾಗಿ ನಟಿಸುವುದನ್ನು ಬೆರಗಿನಿಂದ ನೋಡುವುದು ನಮಗೆ ಹೊಸದಲ್ಲ. ಹಳೆಯ ಕಂಪನಿ ನಾಟಕಗಳಲ್ಲೂ ಯಕ್ಷಗಾನದಲ್ಲೂ ಸ್ತ್ರೀಪಾತ್ರಧಾರಿಗಳಿಗೆ ಚಪ್ಪಾಳೆ ಬಿದ್ದಿದೆ. ರಂಗದಿಂದಿಳಿದ ಮೇಲೂ ಅದೇ ನಡಿಗೆ ಉಳಿದರೆ ಮಾತ್ರ ನಗೆ, ಕಲ್ಲು. ಹಬ್ಬಕ್ಕೆ ‘ಕುರುಕ್ಷೇತ್ರ’ ಆಡುವ ನಮ್ಮ ಊರುಗಳಲ್ಲಿ ಭೀಷ್ಮನನ್ನು ಕೆಡವಲು ಪಾಂಡವರಿಗೆ ಶಿಖಂಡಿ ಬೇಕು. ಮಾರನೆಯ ದಿನ ಜಗಳದಲ್ಲಿ ಶಿಖಂಡಿ ಒಂದು ಬೈಗುಳ.

ಬೈಗುಳಗಳ ಚರಿತ್ರೆಯನ್ನೂ ನೋಡಬೇಕು. ‘ಖೋಜಾ’ ಎಂಬ ಪದದ ಮೂಲ ಪಾರ್ಸಿಯ ‘ಖ್ವಾಜಾ’, ಅಂದರೆ ಒಡೆಯ, ಗೌರವಾನ್ವಿತ. ಕಲಬುರಗಿಯ ಬಂದೇನವಾಜರನ್ನು ನಾವು ಕರೆಯುವುದು ಅದೇ ಪದದಿಂದ. ಮೊಗಲರ ಅಂತಃಪುರದ ಕಾವಲು, ಆಡಳಿತ ನೋಡಿಕೊಂಡವರು ಖ್ವಾಜಾಸರಾಗಳು. ಆ ಪದ ನಮ್ಮ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮಾನ ಕಳೆಯುವ ಮಾತಾಯಿತು. ಪತ್ರಿಕೆಗಳು ‘ಮಂಗಳಮುಖಿ’ ಎಂದು ಬರೆದು ಕೈತೊಳೆದುಕೊಂಡವು; ನಿಲ್ದಾಣದ ಮಾತು ಬದಲಾಗಲಿಲ್ಲ. ಉತ್ತರ ಕರ್ನಾಟಕದಲ್ಲಿ ಜೋಗತಿ ಪರಂಪರೆಯಾದರೂ ಇದೆ. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆಮೇಲೆ ಪದ್ಮಶ್ರೀ ಪಡೆದರು. ಯಲ್ಲಮ್ಮನ ಹೆಸರಿನಲ್ಲಿ ಸಿಗುವ ಆ ಜಾಗ ಭಿಕ್ಷೆಯ, ಬಡತನದ ಜಾಗವೂ ಹೌದು. ಆದರೂ ಅದಕ್ಕೊಂದು ಹೆಸರಿದೆ. ನಮ್ಮ ಕಡೆಯ ಹುಡುಗನಿಗೆ ತನ್ನ ಬಗ್ಗೆ ಮೊದಲು ಕಿವಿಗೆ ಬೀಳುವ ಹೆಸರೇ ಬೈಗುಳ.

ಸರ್ಕಾರದ ಕಣ್ಣಿಗೆ ಇವರು ಬಿದ್ದದ್ದಾದರೂ ಹೇಗೆ? ಮೊದಲು ಎಚ್‌ಐವಿ ತಡೆ ಕಾರ್ಯಕ್ರಮಗಳ ಪಟ್ಟಿಯಲ್ಲಿ. ಆಮೇಲೆ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಮಿನಲ್ಲಿ, ಪೊಲೀಸರ ದಾಖಲೆ ಪುಸ್ತಕದಲ್ಲಿಡಬೇಕಾದ ಶಂಕಿತರಾಗಿ. 2014ರಲ್ಲಿ ಸುಪ್ರೀಂ ಕೋರ್ಟು ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು, 2018ರಲ್ಲಿ ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು, 2021ರಲ್ಲಿ ರಾಜ್ಯ ಸರ್ಕಾರ ನೌಕರಿಯಲ್ಲಿ ಶೇ. 1 ಮೀಸಲು ಕೊಟ್ಟಿತು. ಮೀಸಲಾತಿ ಪಡೆಯಲು ಶಾಲೆ ಮುಗಿಸಿರಬೇಕಲ್ಲ? ಆಡಿಕೊಳ್ಳುವವರ ಕಾಟಕ್ಕೆ ಶಾಲೆ ಬಿಟ್ಟವರ ಕೈಗೆ ಅದು ಎಟುಕುವುದೆಂತು?

ಈ ದೃಷ್ಟಿಯಿಂದ ‘ಬದುಕು ಬಯಲು’ ನಮಗೆ ಉಳಿದೆರಡು ಕೃತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ರೇವತಿ ಮನೆ ಬಿಟ್ಟು ಹೋಗುವುದಷ್ಟೇ ಅಲ್ಲ, ಮತ್ತೆ ಮತ್ತೆ ಮನೆಗೆ ಮರಳುತ್ತಾರೆ. ಅಣ್ಣಂದಿರ ಹೊಡೆತ ತಿನ್ನುತ್ತಾರೆ, ತಾಯಿಯ ಅಳು ಕೇಳುತ್ತಾರೆ, ಮತ್ತೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಕೊನೆಗೆ ಆಸ್ತಿಯಲ್ಲಿ ಪಾಲಿನ ಮಾತು ಬರುತ್ತದೆ. ನಾಟಕ ನೋಡಿ ಕಣ್ಣೊರೆಸಿಕೊಂಡ ನಾವು ಈ ಪಾಲಿನ ಮಾತನ್ನು ಹೆಚ್ಚು ಆಡಿಲ್ಲ. ಕರುಣೆಗೆ ಖರ್ಚಿಲ್ಲ, ಪಾಲೆಂದರೆ ಗದ್ದೆ ಅಳೆಯಬೇಕಾಗುತ್ತದೆ. ಇಸ್ಲಾಮೀ ಧರ್ಮಶಾಸ್ತ್ರದ ಹಳೆಯ ಗ್ರಂಥಗಳು, ಗಂಡೋ ಹೆಣ್ಣೋ ಎಂದು ಹೇಳಲಾಗದ ದೇಹದೊಡನೆ ಹುಟ್ಟಿದ ‘ಖುನ್ಸಾ’ಗೆ ವಾರಸಿನಲ್ಲಿ ಎಷ್ಟು ಸಲ್ಲಬೇಕೆಂದು ಲೆಕ್ಕ ಹಾಕಿವೆ, ನಮಾಝಿನಲ್ಲಿ ಎಲ್ಲಿ ನಿಲ್ಲಬೇಕೆಂದೂ ಚರ್ಚಿಸಿವೆ. ಅದು ಹುಟ್ಟಿದ ದೇಹದ ಮಾತು. ಮನಸ್ಸಿನ ಲಿಂಗತ್ವಕ್ಕೂ ಸಲಿಂಗ ಪ್ರೇಮಕ್ಕೂ ಅದನ್ನು ಎಳೆಯುವುದು ಪ್ರಾಮಾಣಿಕವಲ್ಲ. ಆದರೂ ಆ ಶಾಸ್ತ್ರಕಾರರ ತಕರಾರು ಎಷ್ಟು ಪಾಲು ಎಂಬುದರ ಬಗ್ಗೆ ಇತ್ತೇ ಹೊರತು ಪಾಲು ಉಂಟೇ ಎಂಬುದರ ಬಗ್ಗೆ ಇರಲಿಲ್ಲ. ನಮ್ಮ ಮನೆಗಳು, ಯಾವ ಧರ್ಮದವೇ ಆಗಲಿ, ಅಷ್ಟಕ್ಕೂ ತಯಾರಿಲ್ಲ.

ಊರಲ್ಲೇ ಉಳಿದವನಿಗೆ ಮನೆಯವರು ಕಂಡುಕೊಂಡ ಮದ್ದು ಮದುವೆ. ಒಂದು ಹೆಣ್ಣು ತಂದು ಕಟ್ಟಿದರೆ ಸರಿಹೋಗುತ್ತಾನೆ ಎಂಬ ಮಾತು ಹೊಗೆಸೊಪ್ಪಿನ ಸೀಮೆಯಲ್ಲೂ ಇದೆ, ಭತ್ತದ ಸೀಮೆಯಲ್ಲೂ ಇದೆ. ‘ಮೋಹನಸ್ವಾಮಿ’ಯಲ್ಲಿ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಯ ಒಂಟಿತನವನ್ನು ವಸುಧೇಂದ್ರ ಬರೆದ ರೀತಿಗೆ ಕನ್ನಡದಲ್ಲಿ ಸಾಟಿಯಿಲ್ಲ. ಆದರೆ ನಮ್ಮ ಕಣ್ಣು ಹೋಗುವುದು ಆ ಮದುಮಗಳ ಕಡೆಗೆ. ಏನೂ ತಿಳಿಯದೆ ಬಂದವಳು, ವರ್ಷ ಕಳೆದರೂ ಮಡಿಲು ತುಂಬದಿದ್ದರೆ ಬಂಜೆ ಎನಿಸಿಕೊಳ್ಳುವವಳು, ತವರಿಗೆ ಹೋಗಿ ಏನೆಂದು ಹೇಳಿಯಾಳು? ಹೆಣ್ಣನ್ನೇ ಮೆಚ್ಚಿದ ಹೆಣ್ಣಿಗಂತೂ ಓದು ನಿಲ್ಲಿಸಿ ಬೇಗನೆ ಮದುವೆ ಮಾಡುತ್ತಾರೆ. ಮಾದೇಶನಿಗೆ ಸಿಕ್ಕಿದ ಪೇಟೆಯ ಬಸ್ಸು ಅವಳಿಗೆ ಸಿಗುವುದಿಲ್ಲ. ಈ ಮೂರು ಕೃತಿಗಳಲ್ಲಿ ಅವಳಿಗೆ ಕಥೆಯೂ ಸಿಕ್ಕಿಲ್ಲ.