ಮಂದೆಯ ಲೆಕ್ಕಕ್ಕೆ ಬಾರದ ನಾಯಿ

ಅಡಿಕೆ ವ್ಯಾಪಾರದ ಊರಾದ ಭೀಮಸಮುದ್ರದ ಕಡೆ ನಾಯಿಗೆ ಉಣ್ಣೆ ಹತ್ತಿದರೆ ಕೈ ಮೊದಲು ಹೋಗುವುದು ಎತ್ತಿಗೋ ಕುರಿಗೋ ತಂದಿಟ್ಟ ಬಾಟಲಿಗೆ. ಕೊಟ್ಟಿಗೆಯ ಗೂಡಿನಲ್ಲಿ ಅರ್ಧ ಉಳಿದ ಸೈಪರ್‌ಮೆಥ್ರಿನ್ನೋ ಬ್ಯುಟಾಕ್ಸೋ ಇದ್ದೇ ಇರುತ್ತದೆ. ಅದು ಮುಗಿದಿದ್ದರೆ ಬೇವಿನೆಣ್ಣೆ, ಹೊಗೆಸೊಪ್ಪು ನೆನೆಸಿದ ನೀರು, ಏನೂ ಸಿಗದಿದ್ದರೆ ಸೀಮೆಎಣ್ಣೆ. ಮಾರನೆಯ ದಿನ ನಾಲ್ಕು ಉಣ್ಣೆ ಉದುರಿದ್ದರೆ ಔಷಧಿ ಕೆಲಸ ಮಾಡಿತೆಂದು ಅರ್ಥ. ಮನೆ ಬಾಗಿಲಲ್ಲೇ ಬಿದ್ದಿರುವ ನಾಯಿಗೆ ಇದು ಹೇಗೋ ನಡೆದೀತು. ಊರೂರು ತಿರುಗುವ ನಾಯಿಗೆ ಮಾತ್ರ ಈ ಪದ್ಧತಿ ಸಾಲದು.

ಈ ಸೀಮೆಯಲ್ಲಿ ತಿರುಗುವ ನಾಯಿಗಳು ಎರಡು ಬಗೆ. ಒಂದು, ಕುರಿ ಮಂದೆಯದು. ಬಯಲಲ್ಲಿ ಮೇವು ತೀರಿದ ಮೇಲೆ ಕುರುಬರೂ ಗೊಲ್ಲರೂ ಮಂದೆ ಹೊಡೆದುಕೊಂಡು ನೀರಾವರಿ ಸೀಮೆಯತ್ತ ಹೊರಡುತ್ತಾರೆ. ಕುಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಾರೆ. ತೋಳ, ಚಿರತೆ, ಕಳ್ಳರು, ಈ ಮೂವರಿಗೂ ಅಡ್ಡ ನಿಲ್ಲುವುದು ನಾಯಿ. ಇನ್ನೊಂದು, ಅಡಿಕೆ ವ್ಯಾಪಾರ ಕೈಹಿಡಿದ ಮನೆಗಳ ಸಾಕುನಾಯಿ. ಅದು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ನೆಂಟರ ಮನೆಗೆ ಹೋಗಿಬರುತ್ತದೆ. ಎರಡರ ಯೋಗಕ್ಷೇಮದಲ್ಲೂ ಒಂದೇ ಕೊರತೆ. ಮೈಮೇಲೆ ಕಂಡ ಹುಳಕ್ಕಷ್ಟೇ ಔಷಧಿ ಬೀಳುತ್ತದೆ. ಹೋಗುವ ಜಾಗ, ಹೊರಡುವ ದಿನ, ವಾಪಸು ಬರುವ ದಿನ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ನಾಯಿಗೆ ಹೆಚ್ಚಾಗಿ ಹತ್ತುವ ಕಂದು ಉಣ್ಣೆಯ ಬದುಕು ಬಹುಪಾಲು ಕಳೆಯುವುದು ನಾಯಿಯ ಮೈಮೇಲೆ ಅಲ್ಲ. ಮರಿಯಿಂದ ಬಲಿಯುವವರೆಗೆ ಅದು ಮೂರು ಸಲ ರಕ್ತ ಕುಡಿಯುತ್ತದೆ, ಪ್ರತಿ ಸಲವೂ ಕೆಳಗುದುರಿ ಬಿರುಕು ಹುಡುಕುತ್ತದೆ. ಹರಳಿನಂತೆ ಊದಿದ ಹೆಣ್ಣು ಗೋಡೆಯ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬಲಿತ ಉಣ್ಣೆ ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಹೋದ ವರ್ಷ ಇನ್ನೊಬ್ಬರ ನಾಯಿ ಮಲಗಿದ್ದ ಪಂಪ್‌ಸೆಟ್ ಮನೆಯಲ್ಲಿ ಈ ವರ್ಷ ನಮ್ಮ ನಾಯಿ ಮಲಗಿದರೆ ಅಷ್ಟು ಸಾಕು. ಎರ್ಲಿಕಿಯಾ, ಬೆಬೀಸಿಯಾ ಎಂಬ ರಕ್ತದ ಸೋಂಕುಗಳು ಬರುವುದು ಇಂಥ ಕಚ್ಚಿನಿಂದಲೇ. ಜ್ವರ, ಊಟ ಬಿಡುವುದು, ಬಿಳಿಚಿದ ಒಸಡು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಮಂದೆಯವರು ‘ಬಿಸಿಲಿಗೆ ಸೋತಿದೆ’ ಎಂದು ಸುಮ್ಮನಾಗುವುದು ಈ ಹಂತದಲ್ಲೇ.

ಕೊಟ್ಟಿಗೆಯ ಬಾಟಲಿಯ ಮೇಲೆ ನನಗಿರುವ ಆಕ್ಷೇಪ ಅಳತೆಯದು. ದನಕ್ಕೆ ಲೀಟರಿಗಿಷ್ಟು ಎಂದು ಬರೆದದ್ದನ್ನು ನಾಯಿಗೆ ಅಂದಾಜಿನಲ್ಲಿ, ಸಾಮಾನ್ಯವಾಗಿ ಒಂದು ಮುಚ್ಚಳ ಜಾಸ್ತಿಯೇ, ಸುರಿಯುತ್ತಾರೆ. ನಾಯಿ ಮೈ ನೆಕ್ಕುತ್ತದೆ, ಎತ್ತು ಅಷ್ಟು ನೆಕ್ಕದು. ದನದ ಉಣ್ಣೆಗೇ ಬಳಸುವ ಅಮಿಟ್ರಾಜ್ ಹೆಚ್ಚಾದರೆ ನಾಯಿ ತೂಕಡಿಸಿ ಮೈ ತಣ್ಣಗಾಗುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ನೇರ ವಿಷ. ಕುರಿಗೆ ಚುಚ್ಚುವ ಐವರ್‌ಮೆಕ್ಟಿನ್ನನ್ನೇ ನಾಯಿಗೂ ಚುಚ್ಚುವವರಿದ್ದಾರೆ. ಉಣ್ಣೆಯ ಮೇಲೆ ಅದನ್ನು ನೆಚ್ಚುವಂತಿಲ್ಲ, ಕೋಲಿ ಜಾತಿಯ ನಾಯಿಗಂತೂ ಜೀವಕ್ಕೇ ಅಪಾಯ. ಸೈಪರ್‌ಮೆಥ್ರಿನ್ ಬಳಿದ ನಾಯಿಯನ್ನು ಕೆರೆಗಿಳಿಸಿ ತೊಳೆಯುವುದು ಇನ್ನೊಂದು ಅಭ್ಯಾಸ. ಮೀನಿಗೆ ಅದರಷ್ಟು ಕೆಟ್ಟದ್ದು ಕಡಿಮೆ.

ಪೇಟೆಯ ಮಾತ್ರೆ ಇದಕ್ಕಿಂತ ಮೇಲು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಅದನ್ನು ಕೊಂಡವರ ನೆಮ್ಮದಿ ತುಸು ಹೆಚ್ಚಾಯಿತು. ಫ್ಲುರಲನರ್ ಇರುವ ಒಂದು ಮಾತ್ರೆ ಸುಮಾರು 12 ವಾರ ಕೆಲಸ ಮಾಡುತ್ತದೆ, ಅಫಾಕ್ಸೊಲನರ್ ಒಂದು ತಿಂಗಳು. ಇವು ಉಣ್ಣೆಯನ್ನು ದೂರ ಇಡುವುದಿಲ್ಲ. ಕಚ್ಚಿ ರಕ್ತ ಕುಡಿದ ಮೇಲೆ ಕೊಲ್ಲುತ್ತವೆ. ಅಷ್ಟರೊಳಗೆ ಅದು ಕಾರಿನ ಸೀಟಿಗೂ ಇಳಿದಿರಬಹುದು. ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಔಷಧಿ ಕೊಡುವಾಗ ಎಚ್ಚರವಿರಲಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಹೇಳಿದೆ. ಡೆಲ್ಟಾಮೆಥ್ರಿನ್ ಕೊರಳಪಟ್ಟಿ ಕಟ್ಟುವುದಾದರೆ ಹೊರಡುವುದಕ್ಕೆ ಒಂದು ವಾರ ಮೊದಲೇ ಕಟ್ಟಬೇಕು, ಅದು ಚರ್ಮದ ಮೇಲೆ ಹರಡಲು ದಿನಗಳು ಬೇಕು. ಕಾರು ಸ್ಟಾರ್ಟ್ ಮಾಡಿದ ಮೇಲೆ ಮೆಡಿಕಲ್ ಶಾಪ್ ಮುಂದೆ ನಿಲ್ಲಿಸಿ ತಂದದ್ದು ಆ ಪ್ರಯಾಣಕ್ಕೆ ಒದಗದು. ಯಾವುದನ್ನು ಕೊಟ್ಟರೂ ರಾತ್ರಿ ಒಮ್ಮೆ ಬೆರಳಾಡಿಸಿ ನೋಡುವ ಕೆಲಸ ತಪ್ಪುವುದಿಲ್ಲ. ಕಿವಿಯ ಮಡಿಕೆ, ಬೆರಳ ಸಂದಿ, ಬಾಲದ ಬುಡ, ಪಟ್ಟಿಯ ಕೆಳಗೆ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಬೇಕು. ಬೀಡಿಯಿಂದ ಸುಡುವುದು, ಉಗುರಲ್ಲಿ ಹಿಸುಕುವುದು ಬೇಡ.

ಮಲೆನಾಡಿಗೆ ಹೋಗುವವರು ಈ ಹುಡುಕಾಟವನ್ನು ತಮ್ಮ ಮೈಮೇಲೂ ಮಾಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ. ಅದರ ಕಾಲ ಡಿಸೆಂಬರಿನಿಂದ ಬೇಸಿಗೆಯವರೆಗೆ. ನಾವು ರಜೆಗೆ ನಾಯಿ ಹತ್ತಿಸಿಕೊಂಡು ಹೋಗುವ ಕಾಲವೂ ಅದೇ. ತೋಟದಾಚೆಯ ಕಾಡಿಗೆ ನಾಯಿ ಬಿಡದಿರುವುದೇ ಅಲ್ಲಿ ದೊಡ್ಡ ಔಷಧಿ.

ಉಣ್ಣೆ ಕಣ್ಣಿಗಾದರೂ ಬೀಳುತ್ತದೆ. ಯಾರೂ ಮಾತಾಡದ್ದು ಹೊಟ್ಟೆಯ ಹುಳ. ದಾರಿಯಲ್ಲಿ ಕುರಿ ಸತ್ತಾಗ, ಹಬ್ಬಕ್ಕೆ ಕೊಯ್ದಾಗ ನೀರುಗುಳ್ಳೆ ತುಂಬಿದ ಶ್ವಾಸಕೋಶವನ್ನೂ ಲಿವರನ್ನೂ ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗಿನದು ನಾಯಿಯ ಕರುಳಲ್ಲಿ ಕೆಲವೇ ಮಿಲಿಮೀಟರಿನ ಲಾಡಿಹುಳವಾಗುತ್ತದೆ, ಏಳೆಂಟು ವಾರದೊಳಗೆ ಮೊಟ್ಟೆ ಹೊರಬರುತ್ತದೆ. ಮೊಟ್ಟೆ ಹುಲ್ಲಿಗೆ ಸೇರಿದರೆ ಮತ್ತೆ ಕುರಿಗೆ, ಕೈಗೆ ಸೇರಿದರೆ ಮನುಷ್ಯನ ಲಿವರಿಗೆ. ಮಂದೆ ನಡೆದಷ್ಟು ದೂರ ಇದೂ ನಡೆಯುತ್ತದೆ.

ಇಲ್ಲಿ ಭೀಮಸಮುದ್ರಕ್ಕೆ ಒಂದು ಹಳೆಯ ನಂಟಿದೆ, ಊರಿಗೇ ಅದು ತಿಳಿದಂತಿಲ್ಲ. ನಾಯಿಯ ಲಾಡಿಹುಳಕ್ಕೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಕೊಡುತ್ತಿದ್ದದ್ದು ಅಡಿಕೆ ಪುಡಿ. ಅದರಲ್ಲಿರುವ ಅರೆಕೋಲಿನ್ನನ್ನು ಬೇರ್ಪಡಿಸಿದ ಮೇಲೆ ಕುರಿಗಳ ನಾಡಾದ ನ್ಯೂಜಿಲೆಂಡ್ ಅದನ್ನೇ ನೆಚ್ಚಿಕೊಂಡಿತು. 1959ರ ಕಾಯ್ದೆಯ ನಂತರ ಸುತ್ತಲಿನ ನಾಯಿಗಳನ್ನೆಲ್ಲ ಗೊತ್ತಾದ ಜಾಗಕ್ಕೆ ಕರೆಸಿ ಕಟ್ಟಿ ಅರೆಕೋಲಿನ್ ಕೊಟ್ಟು ಭೇದಿ ಮಾಡಿಸುತ್ತಿದ್ದರು. 2002ರಲ್ಲಿ ಆ ದೇಶ ಈ ಹುಳದಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡಿತು.

ಹಾಗೆಂದು ಮಂಡಿಯಿಂದ ಹಿಡಿ ಅಡಿಕೆ ತಂದು ನಾಯಿಗೆ ಅರೆದು ಕುಡಿಸುವುದು ದಡ್ಡತನ. ನಮ್ಮ ರಾಶಿ, ಬೆಟ್ಟೆ ದರ್ಜೆಗಳು ಬೇಯಿಸಿ ಚೊಗರು ಬಿಟ್ಟ ಅಡಿಕೆ. ಎಷ್ಟು ಸತ್ವ ಉಳಿದಿದೆಯೆಂದು ಯಾರೂ ಹೇಳಲಾರರು. ಹೆಚ್ಚಾದರೆ ನಾಯಿ ಜೊಲ್ಲು ಸುರಿಸಿ ವಾಂತಿ ಮಾಡಿ ಕುಸಿಯುತ್ತದೆ. ಅದಲ್ಲದೆ ಅರೆಕೋಲಿನ್ ಹುಳವನ್ನು ಸಡಿಲಿಸಿ ಹೊರತಳ್ಳುತ್ತದೆಯೇ ಹೊರತು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಭೇದಿ ಬಿದ್ದ ನೆಲವೇ ಸೋಂಕಿನ ನೆಲ. 1970ರ ದಶಕದಲ್ಲಿ ಪ್ರಾಜಿಕ್ವಾಂಟಲ್‌ನಂಥ ಹೊಸ ಔಷಧಿಗಳು ಬಂದ ಮೇಲೆ ಅಲ್ಲಿಯವರೇ ಅದನ್ನು ಕೈಬಿಟ್ಟರು. ನ್ಯೂಜಿಲೆಂಡಿನಿಂದ ತೆಗೆದುಕೊಳ್ಳಬೇಕಾದ್ದು ಆ ಶಿಸ್ತನ್ನು: ನಾಯಿಗೆ ಹಸಿ ಶ್ವಾಸಕೋಶ, ಲಿವರ್ ಹಾಕಕೂಡದು, ಆರು ವಾರಕ್ಕೊಮ್ಮೆ ಒಂದೂ ನಾಯಿ ಬಿಡದೆ ಔಷಧಿ.

ಕುರಿಗೆ ಪಿಪಿಆರ್ ಲಸಿಕೆ, ಜಂತಿನ ಔಷಧಿ ಎಂದು ಪಶು ಆಸ್ಪತ್ರೆಯವರು ಮಂದೆಯ ಹತ್ತಿರ ಬರುವ ದಿನವೇ ಪಕ್ಕದಲ್ಲಿ ಬಾಲ ಆಡಿಸುತ್ತ ನಿಂತ ನಾಯಿಗಳಿಗೂ ಒಂದೊಂದು ಪ್ರಾಜಿಕ್ವಾಂಟಲ್ ಮಾತ್ರೆ, ರೇಬೀಸ್ ಚುಚ್ಚುಮದ್ದು ಬಿದ್ದರೆ ಖರ್ಚು ದೊಡ್ಡದಲ್ಲ. ಮಾತ್ರೆಯ ಅಳತೆ ನಾಯಿಯ ತೂಕದ ಮೇಲೆ. ತಕ್ಕಡಿ ಎಲ್ಲಿಂದ ತರೋಣ ಎನ್ನುವ ನೆಪ ಬೇರೆ ಊರಲ್ಲಿ ಹೇಳಬಹುದು, ದಿನವೂ ಅಡಿಕೆ ಚೀಲ ತೂಗುವ ಭೀಮಸಮುದ್ರದಲ್ಲಲ್ಲ.