ನಾನು ಕೊಟ್ಟರೆ ಸೇವೆ, ಸರ್ಕಾರ ಕೊಟ್ಟರೆ ಬಿಟ್ಟಿ

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ 'ಗಿವಿಂಗ್ ವೀಕ್' ಬರುತ್ತೆ. ಕ್ಯಾಂಟೀನಿನ ಗೋಡೆ ಮೇಲೆ ಒಂದು ದೊಡ್ಡ ಪೋಸ್ಟರ್. ಸ್ಟೀಲ್ ತಟ್ಟೆ ಹಿಡಿದ ಹುಡುಗಿ, ಎಣ್ಣೆ ಹಚ್ಚಿ ಬಾಚಿದ ಎರಡು ಜಡೆ, ನಿಮ್ಮನ್ನೇ ನೋಡ್ತಾ ಇರೋ ಕಣ್ಣು. ಇಷ್ಟು ರೂಪಾಯಿ ಕೊಟ್ಟರೆ ಈ ಮಗುವಿಗೆ ಒಂದು ವರ್ಷ ಮಧ್ಯಾಹ್ನದ ಊಟ ಅಂತ ಕೆಳಗೆ ಬರೆದಿರುತ್ತೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ಟರೆ ಸಂಬಳದಲ್ಲೇ ಕಟ್ ಆಗುತ್ತೆ. ಯಾವ ಟೀಮು ಎಷ್ಟು ಕೊಟ್ಟಿತು ಅನ್ನೋ ಲೆಕ್ಕ ಟಿವಿ ಪರದೆ ಮೇಲೆ ಓಡ್ತಾ ಇರುತ್ತೆ, ಕ್ರಿಕೆಟ್ ಸ್ಕೋರಿನ ಹಾಗೆ. ಹೋದ ಸಲ ನಮ್ಮ ಟೀಮು ಎರಡನೇ ಸ್ಥಾನ. ಕೇಕ್ ಕಟ್ ಮಾಡಿದೆವು.

ಅದೇ ಟೇಬಲ್ಲಿನಲ್ಲಿ, ಅದೇ ಕೇಕ್ ತಿನ್ನುತ್ತಾ, ನಮ್ಮ ಟೀಮಿನ ಒಬ್ಬ ಹುಡುಗ 'ಈ ಬಿಟ್ಟಿ ಭಾಗ್ಯಗಳಿಂದ ರಾಜ್ಯಾನೇ ಹಾಳಾಯ್ತು ಗುರು, ಎಲ್ಲಾ ನಮ್ಮ ಟ್ಯಾಕ್ಸ್ ದುಡ್ಡು' ಅಂದ. ಒಳ್ಳೇ ಹುಡುಗ. ಆ ವಾರ ಟೀಮಿನಲ್ಲಿ ಎಲ್ಲರಿಗಿಂತ ಜಾಸ್ತಿ ಕೊಟ್ಟವನೂ ಅವನೇ. ಪೋಸ್ಟರಿನ ಹುಡುಗಿಗೆ ತಾನು ಊಟ ಕೊಟ್ಟರೆ ಸೇವೆ. ಅದೇ ಹುಡುಗಿಯ ಮನೆಗೆ ರೇಷನ್ ಅಂಗಡಿಯಿಂದ ಅಕ್ಕಿ ಹೋದರೆ ಬಿಟ್ಟಿ. ಇದರಲ್ಲಿ ಏನೋ ಎಡವಟ್ಟಿದೆ ಅಂತ ಅವನಿಗೆ ಅನ್ನಿಸಲಿಲ್ಲ. ಸುಮ್ಮನೆ ಕೇಕ್ ನುಂಗಿದ ನನಗೂ ಆವತ್ತು ಹೇಳೋಕೆ ಮಾತು ಸಿಗಲಿಲ್ಲ. ಅದಕ್ಕೇ ಈಗ ಬರೀತಾ ಇದ್ದೀನಿ.

ಮೊದಲು ಪೋಸ್ಟರಿನ ವಿಷಯ. ಅದರಲ್ಲಿ ಇರೋದು ಸುಳ್ಳಲ್ಲ, ಆದರೆ ಅರ್ಧ. ಬಿಸಿಯೂಟ ಕೊಡುವ ಸಂಸ್ಥೆಗಳಲ್ಲಿ ದೊಡ್ಡ ಹೆಸರು ಬೆಂಗಳೂರಿನಲ್ಲೇ ಹುಟ್ಟಿದ ಅಕ್ಷಯ ಪಾತ್ರ. 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾದದ್ದು ಈಗ ಹಲವು ರಾಜ್ಯಗಳಿಗೆ ಹಬ್ಬಿದೆ. ಯಂತ್ರದಲ್ಲಿ ಅಡುಗೆ ಮಾಡುವ ಆ ಅಡುಗೆಮನೆಗಳ ವ್ಯವಸ್ಥೆ ಬಗ್ಗೆ ಇಂಜಿನಿಯರ್ ಆಗಿ ನನಗೆ ಗೌರವವೇ ಇದೆ. ಆದರೆ ಅಲ್ಲಿ ಬೇಯುವ ಅಕ್ಕಿ ಸರ್ಕಾರದ್ದು, ಖರ್ಚಿನ ದೊಡ್ಡ ಪಾಲು ಸರ್ಕಾರದ ಅನುದಾನ. ದಾನಿಗಳ ದುಡ್ಡು ಅದರ ಮೇಲೆ ಸೇರುತ್ತೆ. ಯಾವ ದಾನದ ಪೋಸ್ಟರಿನಲ್ಲೂ 'ಅಕ್ಕಿ: ಭಾರತೀಯ ಆಹಾರ ನಿಗಮ' ಅಂತ ಬರೆದಿದ್ದನ್ನ ನಾನು ನೋಡಿಲ್ಲ. ಅಂದರೆ, ನಮ್ಮ ಹುಡುಗ ಯಾವ ಅಕ್ಕಿಯನ್ನು ಬಿಟ್ಟಿ ಅಂತ ಬೈದನೋ ಅದರ ಮೇಲೆ ಒಂದು ಸೌಟು ಸಾಂಬಾರು ಹಾಕಿ ಕೇಕ್ ಕಟ್ ಮಾಡಿದ್ದ.

ನಾನು ಇಷ್ಟು ಕಟುವಾಗಿ ಬರೆಯೋದಕ್ಕೆ ಒಂದು ಕಾರಣ ಇದೆ. ಆ ತಟ್ಟೆ ಹಿಡಿದು ನಿಂತವರಲ್ಲಿ ನಾನೂ ಒಬ್ಬ.

ನಮ್ಮೂರು ಕೊಪ್ಪಳ ಸೀಮೆಯದು. ನಾನು ಸಣ್ಣ ಕ್ಲಾಸಿನಲ್ಲಿ ಇದ್ದಾಗ ಶಾಲೆಯಲ್ಲಿ ಊಟ ಇರಲಿಲ್ಲ. 1995ರ ಕೇಂದ್ರದ ಯೋಜನೆ ಪ್ರಕಾರ ತಿಂಗಳಿಗೆ ಮೂರು ಕೆ.ಜಿ. ಅಕ್ಕಿ ಕೊಡ್ತಿದ್ದರು, ಹಾಜರಿ ನೂರಕ್ಕೆ 80 ಇದ್ದರೆ. ಅದು ನನ್ನ ಹೊಟ್ಟೆಗೆ ಅಂತ ಬಂದರೂ ಮನೆಗೆ ಹೋದ ಮೇಲೆ ಏಳು ಜನರ ಅಕ್ಕಿ. ಇನ್ನೊಂದು ಕಡೆ ಊರಿನ ಸಾಹುಕಾರರ ದಾನ ಇತ್ತು. ಪ್ರತಿ ಆಗಸ್ಟ್ 15ಕ್ಕೆ ಬಡ ಮಕ್ಕಳಿಗೆ ನೋಟುಬುಕ್ಕು. ಮಾಸ್ತರು ಬಡವರ ಪಟ್ಟಿ ಓದೋರು, ಹೆಸರು ಕರೆದವರು ಎದ್ದು ಹೋಗಿ ಸಾಹುಕಾರರ ಕಾಲಿಗೆ ನಮಸ್ಕಾರ ಮಾಡಿ ಬುಕ್ಕು ತಗೋಬೇಕು. ಅವರ ಮಗ ನನ್ನದೇ ಕ್ಲಾಸು, ಮೊದಲ ಸಾಲಿನಲ್ಲಿ ಕೂತು ನೋಡ್ತಿದ್ದ. ಸಾಹುಕಾರರು ಕೆಟ್ಟವರಲ್ಲ, ಬುಕ್ಕೂ ಒಳ್ಳೇವೇ. ನನಗೆ ಇವತ್ತಿಗೂ ನೆನಪಿರೋದು ಮಾತ್ರ ಆ ಎದ್ದು ಹೋಗುವ ಹತ್ತು ಹೆಜ್ಜೆ.

2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಬಂತು. ಮೊದಲು ನಮ್ಮ ಉತ್ತರದ ಏಳು ಜಿಲ್ಲೆಗಳಿಗೆ, ಮರುವರ್ಷ ಉಳಿದ ಕಡೆಗೆ. ನಾನು ಐದನೇ ಕ್ಲಾಸು. ಮೊದಲ ದಿನದ ಅನ್ನ ಮುದ್ದೆಯಾಗಿತ್ತು, ಸಾಂಬಾರು ನೀರು. ಆದರೆ ಯಾರೂ ಪಟ್ಟಿ ಓದಲಿಲ್ಲ. ಸಾಹುಕಾರರ ಮಗನೂ ತಟ್ಟೆ ತಂದು ಪಕ್ಕದಲ್ಲೇ ಕೂತ. ಅವನಿಗೆ ಮನೆಯಲ್ಲಿ ಊಟ ಇತ್ತು, ನಮ್ಮ ಜೊತೆ ಕೂರೋ ಆಸೆಗೆ ಬಂದಿದ್ದ. ಯಾರ ಕಾಲಿಗೂ ಬೀಳೋದು ಇರಲಿಲ್ಲ. ಎಲ್ಲಾ ಸುಗಮ ಇತ್ತು ಅಂತ ಹೇಳಲ್ಲ. ಅಡುಗೆ ಮಾಡೋರು ಯಾವ ಜಾತಿ ಅಂತ ಕೇಳಿ ಕೆಲವು ಮನೆಯವರು ಮಕ್ಕಳನ್ನ ವಾಪಸ್ ಕರೆದುಕೊಂಡು ಹೋಗಿದ್ದರು. ಸ್ವಲ್ಪ ದಿನ ಆದ ಮೇಲೆ ಆ ಮಕ್ಕಳೇ ಕದ್ದು ಬಂದು ಉಂಡರು.

ನಾನು ಆ ಊಟ ಎಮ್ಮೆಲ್ಲೆ ಕೊಟ್ಟದ್ದು ಅಂದುಕೊಂಡಿದ್ದೆ. ನಿಜ ಗೊತ್ತಾದದ್ದು ಬಿಇ ಮುಗಿಸಿ ಎಷ್ಟೋ ವರ್ಷ ಆದಮೇಲೆ. 2001ರಲ್ಲಿ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದಾಗ ರಾಜಸ್ಥಾನದಲ್ಲಿ ಬರ. ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರ ಆದೇಶದಲ್ಲಿ ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ಕನಿಷ್ಠ 300 ಕ್ಯಾಲೊರಿ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು ಅಂತ ಹೇಳಿತು. 2013ರ ಆಹಾರ ಭದ್ರತಾ ಕಾಯ್ದೆ ಎಂಟನೇ ಕ್ಲಾಸಿನ ತನಕ ಅದನ್ನು ಕಾನೂನೇ ಮಾಡಿತು. ನನ್ನ ತಟ್ಟೆಗೆ ಬಂದ ಅನ್ನದ ಹಿಂದೆ ಒಂದು ಕೋರ್ಟ್ ಕೇಸು ಇತ್ತು, ಯಾರದೋ ಕರಗಿದ ಮನಸ್ಸಲ್ಲ.

ಇಷ್ಟಾದರೂ ಸರ್ಕಾರ ಅದಕ್ಕೆ ಇಡೋ ಹೆಸರು ನೋಡಿ. ಅನ್ನಭಾಗ್ಯ, ಕ್ಷೀರಭಾಗ್ಯ. ಭಾಗ್ಯ ಅಂದರೆ ಅದೃಷ್ಟ, ಹಣೆಬರಹ. ಕಾನೂನಿನಲ್ಲಿ ಹಕ್ಕು ಅಂತ ಬರೆದದ್ದನ್ನ ಬೋರ್ಡಿನಲ್ಲಿ ಅದೃಷ್ಟ ಅಂತ ಬರೆದು, ಪಕ್ಕದಲ್ಲಿ ನಗುವ ಮುಖ್ಯಮಂತ್ರಿಯ ಫೋಟೊ ಹಾಕೋದು ಎಲ್ಲಾ ಪಕ್ಷಗಳ ಚಾಳಿ. ಸರ್ಕಾರವೇ ಸಾಹುಕಾರನ ವೇಷ ಹಾಕಿದರೆ ಜನ 'ಬಿಟ್ಟಿ' ಅನ್ನದೆ ಇನ್ನೇನಂತಾರೆ? ನಮ್ಮ ಟೀಮಿನ ಹುಡುಗನ ತಪ್ಪಿನಲ್ಲಿ ಅರ್ಧ ಪಾಲು ಈ ಬೋರ್ಡುಗಳದ್ದು. ಅಕ್ಷರ ದಾಸೋಹ ಅನ್ನೋ ಹೆಸರೇ ವಾಸಿ. ಶರಣರು ದಾನ ಅನ್ನೋ ಪದ ಬಿಟ್ಟು ದಾಸೋಹ ಹಿಡಿದದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಡೋನು ಮೇಲೆ, ದಾಸೋಹದಲ್ಲಿ ಕೊಡೋನೇ ದಾಸ.

ಹಾಗಂತ ವ್ಯಕ್ತಿಗಳು ಕೊಡೋದೇ ಬೇಡ ಅಂತ ನಾನು ಹೇಳಿದರೆ ನಮ್ಮವ್ವನೇ ನನ್ನನ್ನ ಮನೆಯೊಳಗೆ ಸೇರಿಸಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂದರೆ ಸುತ್ತಿನ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರ್ ಟ್ರ್ಯಾಕ್ಟರ್ ಹೋಗ್ತವೆ ಮಹಾದಾಸೋಹಕ್ಕೆ. ನಮ್ಮವ್ವ ಒಂದು ವಾರ ಓಣಿಯ ಹೆಂಗಸರ ಜೊತೆ ಕೂತು ರೊಟ್ಟಿ ಬಡೀತಾಳೆ. ಅದು ಯಾರ ತಟ್ಟೆಗೆ ಹೋಯ್ತು ಅನ್ನೋದು ಅವಳಿಗೆ ಗೊತ್ತಿಲ್ಲ, ಉಂಡವನಿಗೆ ಇದು ಯಾರ ಮನೆಯ ರೊಟ್ಟಿ ಅಂತ ಗೊತ್ತಿಲ್ಲ. ಟಿವಿ ಪರದೆ ಮೇಲೆ ಸ್ಕೋರೂ ಇಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು, ಓದಿ ಬದುಕು ಕಟ್ಟಿಕೊಂಡದ್ದು ಸರ್ಕಾರದ ಬಿಸಿಯೂಟ ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲು. ಕೊಡೋ ಮನಸ್ಸು ಮೊದಲು ದಾರಿ ತೋರಿಸುತ್ತೆ, ಸರ್ಕಾರ ಆಮೇಲೆ ಕುಂಟುತ್ತಾ ಬರುತ್ತೆ. ಇದನ್ನ ಒಪ್ಪಲೇಬೇಕು.

ಆದರೆ ಜಾತ್ರೆ ಮುಗಿಯುತ್ತೆ. ಜುಲೈ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಮಳೆ ಕೈಕೊಟ್ಟ ವರ್ಷ, ಯಾವ ಹಬ್ಬವೂ ಇಲ್ಲದ ದಿನ ಹಸಿದ ಮಗುವಿಗೆ ಯಾರು ಕೊಡಬೇಕು? ಮತ್ತೆ, ಏನು ಕೊಡಬೇಕು ಅಂತ ಯಾರು ತೀರ್ಮಾನ ಮಾಡಬೇಕು?

ಮೊಟ್ಟೆ ವಿಷಯ ತಗೊಳ್ಳಿ. 2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತ ಸರ್ಕಾರ ಬಿಸಿಯೂಟದಲ್ಲಿ ಮೊಟ್ಟೆ ಶುರು ಮಾಡಿತು, ಬೇಡ ಅಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಮೈಕ್ ಹಿಡಿದು, ನಮಗೆ ಮೊಟ್ಟೆ ಬೇಕು, ತಪ್ಪಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿಂತೀವಿ ಅನ್ನೋ ಅರ್ಥದಲ್ಲಿ ಮಾತಾಡಿದ ವಿಡಿಯೊ ನೀವೂ ವಾಟ್ಸಾಪಿನಲ್ಲಿ ನೋಡಿರ್ತೀರಿ. ಆ ಮೊಟ್ಟೆ ಸರ್ಕಾರ ಕೊಡಬೇಕಾದದ್ದು ಅಂತಲೇ ಅವಳು ಹಾಗೆ ಜಗಳ ಆಡಿದಳು. ದಾನಿಯ ಮುಂದೆ ಹಾಗೆ ನಿಲ್ಲೋಕೆ ಆಗುತ್ತಾ? ಅಕ್ಷಯ ಪಾತ್ರದ ಊಟದಲ್ಲಿ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದು ಅವರ ನಂಬಿಕೆ, ಅವರ ಮನೆಯಲ್ಲಿ ಅದು ಅವರ ಹಕ್ಕು. ಆದರೆ ದಾನಿಯ ಅಡುಗೆಮನೆ ಶಾಲೆಯ ಅಡುಗೆಮನೆ ಆದಾಗ, ದಾನಿಯ ವ್ರತ ಮಗುವಿನ ತಟ್ಟೆಗೂ ಬರುತ್ತೆ.

ಇದಕ್ಕೆ ಉಲ್ಟಾ ಉದಾಹರಣೆಯೂ ನಮ್ಮಲ್ಲೇ ಇದೆ. ಸರ್ಕಾರ ವಾರಕ್ಕೆ ಎರಡು ದಿನ ಕೊಡ್ತಿದ್ದ ಮೊಟ್ಟೆ 2024ರಲ್ಲಿ ಆರು ದಿನಕ್ಕೆ ಏರಿತು. ಉಳಿದ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೊತ್ತಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಎಲ್ಲಾ ಜಿಲ್ಲೆಗೂ, ಸರ್ಕಾರಿ ಶಾಲೆಗಳ ಮೂಲಕ, ಪಟ್ಟಿ ಓದದೆ. ಕೊಡೋದಾದರೆ ಹೀಗೆ ಕೊಡಬೇಕು ಅಂತ ನನಗೆ ಅನ್ನಿಸಿದೆ. ಆದರೂ ಒಪ್ಪಂದ ಮೂರು ವರ್ಷದ್ದು. ಮಗುವಿನ ಹಸಿವಿಗೆ ಕೊನೆ ದಿನಾಂಕ ಇಲ್ಲ. ಆರು ದಿನ ಮೊಟ್ಟೆ ಬೇಕು ಅನ್ನೋದು ಸರ್ಕಾರಕ್ಕೆ ಒಪ್ಪಿಗೆ ಆದ ಮೇಲೆ ಅದು ಬಜೆಟ್ಟಿನಲ್ಲಿ ಇರಬೇಕಾದ ಸಾಲು.

ಬಜೆಟ್ ಅಂದ ತಕ್ಷಣ 'ನಮ್ಮ ಟ್ಯಾಕ್ಸ್' ಅನ್ನೋ ಮಾತು ಮತ್ತೆ ಬರುತ್ತೆ. ನಮ್ಮವ್ವ ಸೋಪು, ಶಾಂಪೂ ಪ್ಯಾಕೆಟ್ಟು ಕೊಂಡಾಗಲೂ ಜಿಎಸ್‌ಟಿ ಕಟ್ತಾಳೆ, ಅದಕ್ಕೆ ಫಾರ್ಮ್ 16 ಬರಲ್ಲ ಅಷ್ಟೆ. ಇನ್ನು ನಮ್ಮ ದಾನ. 30 ಪರ್ಸೆಂಟ್ ಸ್ಲ್ಯಾಬಿನಲ್ಲಿ ಇರೋ ನಾನು ಹತ್ತು ಸಾವಿರ ಕೊಟ್ಟು 80ಜಿ ಅಡಿ ಅರ್ಧಕ್ಕೆ ವಿನಾಯಿತಿ ತಗೊಂಡರೆ ಒಂದೂವರೆ ಸಾವಿರ ತೆರಿಗೆ ಉಳಿಯುತ್ತೆ. ಅಂದರೆ ಆ ಒಂದೂವರೆ ಸಾವಿರ ಖಜಾನೆಯದು, ಚೀಟಿ ಮೇಲೆ ಹೆಸರು ಮಾತ್ರ ನನ್ನದು. ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ಅದಕ್ಕೆ ಬದಲಾದ ವರ್ಷವೇ ದಾನ ನಿಲ್ಲಿಸಿದ ಇಬ್ಬರು ನನಗೆ ಗೊತ್ತು. ಕಂಪನಿಗಳ ಸಿಎಸ್ಆರ್ ಕೂಡ ಹೀಗೇ. 2014ರಿಂದ ದೊಡ್ಡ ಕಂಪನಿಗಳು ಲಾಭದ ಎರಡು ಪರ್ಸೆಂಟ್ ಖರ್ಚು ಮಾಡಬೇಕು ಅಂತ ಕಾನೂನು. ದುಡ್ಡು ಕಾನೂನಿನ ಒತ್ತಾಯದ್ದು, ಆಯ್ಕೆ ಕಂಪನಿಯದ್ದು. ನಮ್ಮ ಆಫೀಸಿನಲ್ಲೇ ಒಂದು ವರ್ಷ ಯಾವುದಕ್ಕೆ ಕೊಡೋಣ ಅಂತ ವೋಟಿಂಗ್ ಇಟ್ಟಿದ್ದರು. ಮಕ್ಕಳ ಊಟ ಭರ್ಜರಿಯಾಗಿ ಗೆದ್ದಿತು. ಪೌರಕಾರ್ಮಿಕರ ಆರೋಗ್ಯ ತಪಾಸಣೆಗೆ ಬಂದದ್ದು ಒಂಬತ್ತು ವೋಟು. ಅದಕ್ಕೆ ಜಡೆ ಹಾಕಿದ ಹುಡುಗಿಯ ಫೋಟೊ ಇರಲಿಲ್ಲ.

ಸರ್ಕಾರ ನೆಟ್ಟಗೆ ಕೊಡುತ್ತಾ ಅಂತ ಕೇಳ್ತೀರಿ. ಇಲ್ಲ. ಬೇಳೆಯಲ್ಲಿ ಹುಳ, ಗ್ಯಾಸ್ ಸಿಲಿಂಡರ್ ಇಲ್ಲ, ಲೆಕ್ಕ ಬರೆದು ಬರೆದು ಪಾಠ ಮಾಡೋಕೆ ಟೈಮ್ ಸಿಗದ ಮಾಸ್ತರು. ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಇವೆಲ್ಲದರಲ್ಲಿ ನನಗೆ ದೊಡ್ಡದಾಗಿ ಕಾಣೋದು ಅಡುಗೆಯವರ ಸಂಬಳ. ಕೇಂದ್ರ ಅವರಿಗೆ ನಿಗದಿ ಮಾಡಿದ್ದು ತಿಂಗಳಿಗೆ ಸಾವಿರ ರೂಪಾಯಿ, ಅದೂ 2009ರಲ್ಲಿ. ರಾಜ್ಯ ಅದರ ಮೇಲೆ ಒಂದಷ್ಟು ಸೇರಿಸಿ ಕೊಡುತ್ತೆ. ಸೇರಿಸಿದ ಮೇಲೂ ಅದು ನಮ್ಮ ಟೀಮು ಒಂದು ಶುಕ್ರವಾರ ಸಂಜೆ ಮಾಡೋ ಬಿಲ್ಲು. ಅದಕ್ಕೆ ಸಂಬಳ ಅಂತ ಹೆಸರಿಲ್ಲ, ಗೌರವಧನ ಅಂತಾರೆ. ಈ ಗೌರವಧನ ಹೆಚ್ಚಿಸಿ ಅಂತ ಯಾವ ಗಿವಿಂಗ್ ವೀಕಿನಲ್ಲೂ ಪೋಸ್ಟರ್ ಬರಲ್ಲ.

ಹೋದ ಜಾತ್ರೆಗೆ ಊರಿಗೆ ಹೋದಾಗ ನಮ್ಮ ಶಾಲೆ ಕಡೆ ಹೋಗಿದ್ದೆ. ನಾನು ಐದನೇ ಕ್ಲಾಸಿನಲ್ಲಿ ಇದ್ದಾಗ ಬಡಿಸಿದ ದೊಡ್ಡವ್ವನೇ ಇನ್ನೂ ಅಲ್ಲಿ ಅಡುಗೆಗೆ ಇದ್ದಾಳೆ. ಮೂರು ತಿಂಗಳ ದುಡ್ಡು ಬಂದಿಲ್ಲ ಅಂದಳು. ನಾನು ಪಾಕೀಟಿನಿಂದ ಎರಡು ಸಾವಿರ ತೆಗೆದೆ.

'ಇದನ್ನ ಒಳಗ ಇಟ್ಗೋ ತಮ್ಮಾ' ಅಂದಳು. 'ನಿನ್ನ ರೊಕ್ಕಾ ಬ್ಯಾಡ. ನಮ್ಮ ಪಗಾರ ವ್ಯಾಳ್ಯಾಕ್ಕ ಬರೂ ಹಂಗ ಯಾರಿಗೆ ಬರೀಬೇಕು, ಅದನ್ನ ಬರಕೊಡು. ಆರು ಮಂದಿ ಅದೀವಿ, ಎಲ್ಲಾರೂ ಹೆಬ್ಬಟ್ಟು ಒತ್ತತೀವಿ.'

ಯಾರಿಗೆ ಬರೀಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಹೆಡ್‌ಮಾಸ್ತರನ್ನ ಕೇಳಿ, ಅವರ ಟೇಬಲ್ ಮೇಲೇ ಒಂದು ಬಿಳಿ ಹಾಳೆ ಇಟ್ಟುಕೊಂಡು ಕೂತೆ. 'ಮಾನ್ಯರೇ' ಅಂತ ಬರೆದು ಎಷ್ಟು ವರ್ಷ ಆಗಿತ್ತೋ. ಪಾಟಿಚೀಲ ಹೆಗಲಿಗೆ ಹಾಕಿದ ಒಂದು ಹುಡುಗಿ ಬಾಗಿಲಲ್ಲಿ ನಿಂತು ನೋಡ್ತಿದ್ದಳು. ಸ್ಟಾಂಪ್ ಪ್ಯಾಡಿನ ಇಂಕು ಒಣಗಿತ್ತು. ಅವಳೇ ಓಡಿ ಹೋಗಿ ಒಂದು ಲೋಟದಲ್ಲಿ ನೀರು ತಂದಳು.