ನೆಲಮಾಳಿಗೆಯಲ್ಲಿ ಹುಟ್ಟಿದ ದ್ವೀಪ

ಬೋರ್ಡ್ ಗೇಮ್ ಕಟ್ಟುವವರಲ್ಲಿ ಅದರಿಂದಲೇ ಹೊಟ್ಟೆ ಹೊರೆಯುವವರು ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆ ಹಗಲು ಬೇರೆ ಕೆಲಸ, ಆಟದ ಕೆಲಸವೇನಿದ್ದರೂ ರಾತ್ರಿ. ‘ಕಟಾನ್’ ಆಟ ಕಟ್ಟಿದ ಜರ್ಮನಿಯ ಕ್ಲೌಸ್ ಟಾಯ್ಬರ್ ಕೂಡ ವರ್ಷಗಟ್ಟಲೆ ಹೀಗೆಯೇ ದುಡಿದವರು. 1952ರಲ್ಲಿ ಹುಟ್ಟಿದ ಅವರ ಕಸುಬು ಕಟ್ಟುಹಲ್ಲು ತಯಾರಿಕೆ. ಡಾರ್ಮ್‌ಸ್ಟಾಟ್ ಹತ್ತಿರ ಸ್ವಂತ ಲ್ಯಾಬ್ ಇತ್ತು. ಅದರ ತಾಪತ್ರಯ ಮರೆಯಲು ಅವರು ರಾತ್ರಿ ಮನೆಯ ನೆಲಮಾಳಿಗೆಗೆ ಇಳಿದು ರಟ್ಟು, ಕತ್ತರಿ, ಬಣ್ಣ ಹಿಡಿದು ಕೂರುತ್ತಿದ್ದರು.

ಅಲ್ಲಿಂದ ಹೊರಬಂದ ‘ಬಾರ್ಬರೋಸಾ’ದಲ್ಲಿ ಆಟಗಾರರು ಬಣ್ಣದ ಜೇಡಿಯಿಂದ ಏನಾದರೊಂದು ಆಕಾರ ಮಾಡಿಡಬೇಕು, ಉಳಿದವರು ಅದೇನೆಂದು ಊಹಿಸಬೇಕು. ತೀರಾ ಬೇಗ ಗೊತ್ತಾದರೂ ಮಾಡಿದವರಿಗೆ ನಷ್ಟ, ಕೊನೆವರೆಗೂ ಗೊತ್ತಾಗದಿದ್ದರೂ ನಷ್ಟ. ಹಾಗಾಗಿ ಕೈ ಚೆನ್ನಾಗಿರುವ ಕಲಾವಿದನಿಗೆ ಇಲ್ಲಿ ವಿಶೇಷ ಅನುಕೂಲವೇನಿಲ್ಲ. ನಿಯಮ ಹೆಣೆಯುವ ಜಾಣತನವೆಂದರೆ ಇದು. 1988ರಲ್ಲಿ ಇದಕ್ಕೆ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಬಂತು. 1990 ಮತ್ತು 1991ರಲ್ಲಿ ಬೇರೆರಡು ಆಟಗಳಿಗೆ ಅದೇ ಪ್ರಶಸ್ತಿ. ಅದರ ಚಿಹ್ನೆ ಡಬ್ಬಿಯ ಮೇಲೆ ಬಿದ್ದರೆ ಮಾರಾಟ ಎಷ್ಟೋ ಪಟ್ಟು ಏರುತ್ತದೆ. ಆದರೂ ಟಾಯ್ಬರ್ ಲ್ಯಾಬ್ ಮುಚ್ಚಲಿಲ್ಲ, ಮುಚ್ಚುವಂತೆಯೂ ಇರಲಿಲ್ಲ.

ಕಾರಣ ಈ ಕಸುಬಿನ ಲೆಕ್ಕಾಚಾರದಲ್ಲಿದೆ. ಆಟ ಕಟ್ಟಿದವರಿಗೆ ಸಂಬಳವಿಲ್ಲ. ಸಿಗುವುದು ರಾಯಧನ, ಅದೂ ಅಂಗಡಿಯ ಬೆಲೆಯ ಮೇಲಲ್ಲ, ಸಾಮಾನ್ಯವಾಗಿ ಪ್ರಕಾಶಕರು ಅಂಗಡಿಗೆ ಕೊಡುವ ಬೆಲೆಯ ಮೇಲೆ ನೂರಕ್ಕೆ ಕೆಲವೇ ರೂಪಾಯಿಯ ಲೆಕ್ಕದಲ್ಲಿ. ಹೆಸರಿಗೂ ಹೋರಾಡಬೇಕಿತ್ತು. 1988ರ ನ್ಯೂರೆಂಬರ್ಗ್ ಆಟಿಕೆ ಮೇಳದ ಹೊತ್ತಿಗೆ ಹದಿಮೂರು ಮಂದಿ ಕರ್ತೃಗಳು, ಡಬ್ಬಿಯ ಮೇಲೆ ತಮ್ಮ ಹೆಸರು ಹಾಕದ ಪ್ರಕಾಶಕರಿಗೆ ಆಟ ಕೊಡುವುದಿಲ್ಲವೆಂದು ಬಿಯರ್ ಲೋಟದಡಿ ಇಡುವ ರಟ್ಟಿನ ಬಿಲ್ಲೆಯ ಮೇಲೆ ಬರೆದು ಸಹಿ ಹಾಕಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಹೊಸ ಹೊಸ ಆಟ ಹೆಣೆದರಲ್ಲ, ಅವರಿಗೆ ಈ ತಲೆನೋವು ಇರಲಿಲ್ಲ. ನಮ್ಮ ಚೌಕಾಬಾರ, ಅಳಗುಳಿಮಣೆಗಳಿಗಾದರೋ ಕರ್ತೃವಿನ ಹೆಸರೇ ಉಳಿದಿಲ್ಲ.

1990ರ ದಶಕದ ಆರಂಭದಲ್ಲಿ ಟಾಯ್ಬರ್ ಕೈಗೆತ್ತಿಕೊಂಡದ್ದು ಭಾರೀ ಆಟ: ಗೊತ್ತಿಲ್ಲದ ದ್ವೀಪ ಹುಡುಕುವುದು, ಅಲ್ಲಿ ನೆಲೆಯೂರುವುದು, ಗಡಿ ಹಾಕಿ ನೆಲ ಹಿಡಿಯುವುದು, ಎಲ್ಲವೂ ಒಂದರಲ್ಲೇ. ಅಷ್ಟೊಂದು ಭಾರ ಹೊತ್ತು ಆಟ ಸಾಗಲಿಲ್ಲ. ವಾರಾಂತ್ಯಕ್ಕೆ ಮಾದರಿಯನ್ನು ಮೇಲೆ ತಂದು ಹೆಂಡತಿ ಮಕ್ಕಳೊಂದಿಗೆ ಆಡುವರು. ಮಗ ಮೇಜಿನಡಿ ಕಾಮಿಕ್ಸ್ ಓದುತ್ತಿದ್ದರೆ ಆಟ ಇನ್ನೂ ಹದಕ್ಕೆ ಬಂದಿಲ್ಲವೆಂದೇ ಅರ್ಥ. ಮತ್ತೆ ನೆಲಮಾಳಿಗೆ. ಕೊನೆಗೆ ಆಟವನ್ನೇ ಒಡೆದರು. ಹುಡುಕಾಟದ ಭಾಗ 1996ರಲ್ಲಿ ಬೇರೆ ಆಟವಾಯಿತು, ಗಡಿಯ ಭಾಗ 1997ರಲ್ಲಿ ಇನ್ನೊಂದಾಯಿತು. ನೆಲೆಯೂರುವುದಷ್ಟೇ ಉಳಿದದ್ದು ‘ಕಟಾನ್’. ನಾಲ್ಕು ವರ್ಷದ ಕೆಲಸದಲ್ಲಿ ಹೆಚ್ಚಿನದು ಹೀಗೆ ಕಳೆಯುವ ಲೆಕ್ಕವೇ.

ಉಳಿಸಿಕೊಂಡದ್ದರಲ್ಲಿ ನಾಜೂಕಾದದ್ದು ದಾಳದ ಬಳಕೆ. ದ್ವೀಪಕ್ಕೆ ಆರು ಮೂಲೆಯ 19 ಬಿಲ್ಲೆಗಳು. ಮರುಭೂಮಿಯ ಒಂದನ್ನು ಬಿಟ್ಟು ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಎರಡು ದಾಳ 36 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಆರಾಗಲಿ ಎಂಟಾಗಲಿ ಐದೈದು ಬಗೆಯಲ್ಲಿ ಬೀಳುತ್ತದೆ, ಎರಡು ಮತ್ತು ಹನ್ನೆರಡು ಒಂದೊಂದೇ ಬಗೆಯಲ್ಲಿ. ಎಲ್ಲಕ್ಕಿಂತ ಹೆಚ್ಚು ಸಲ ಬೀಳುವ ಏಳನ್ನು ಯಾವ ಹೊಲಕ್ಕೂ ಕೊಡದೆ ಕಳ್ಳನಿಗೆ ಕೊಟ್ಟಿದ್ದಾರೆ: ಏಳು ಬಿತ್ತೆಂದರೆ ಏಳಕ್ಕಿಂತ ಹೆಚ್ಚು ಸರಕಿನ ಕಾರ್ಡು ಕೂಡಿಟ್ಟವರು ಅರ್ಧ ಕಳೆದುಕೊಳ್ಳಬೇಕು. ದಾಳ ಯಾರೇ ಹಾಕಲಿ, ಆ ಸಂಖ್ಯೆಯ ಪಕ್ಕ ಮನೆ ಇದ್ದವರಿಗೆಲ್ಲ ಫಸಲು. ಇಟ್ಟಿಗೆ ಇದ್ದವರಿಗೆ ಕುರಿಯುಣ್ಣೆ ಬೇಕು, ಉಣ್ಣೆ ಇದ್ದವರಿಗೆ ಮರ. ಚೌಕಾಸಿ ನಿಲ್ಲುವುದೇ ಇಲ್ಲ. ಮೊನೊಪಲಿಯಲ್ಲಿ ದಿವಾಳಿಯಾದವರು ಎದ್ದು ಹೋಗಬೇಕು. ಇಲ್ಲಿ ಸೋಲುತ್ತಿರುವವರೂ ಕೊನೆವರೆಗೆ ಮೇಜಿನಲ್ಲೇ ಇರುತ್ತಾರೆ, ಅವರ ಕೈಯ ಸರಕಿಗೂ ಗಿರಾಕಿಗಳಿರುತ್ತಾರೆ.

ಸ್ಟುಟ್‌ಗಾರ್ಟ್‌ನ ಕೋಸ್ಮೋಸ್ 1995ರಲ್ಲಿ ಅಚ್ಚು ಹಾಕಿದ ಮೊದಲ 5,000 ಪ್ರತಿಗಳು ಎಷ್ಟು ಬೇಗ ಖಾಲಿಯಾದವೆಂದರೆ ಸ್ವತಃ ಟಾಯ್ಬರ್ ಬಳಿ ಒಂದೂ ಉಳಿಯಲಿಲ್ಲ. ನಾಲ್ಕನೆಯ ಬಾರಿ ‘ವರ್ಷದ ಆಟ’ವೂ ಅವರದಾಯಿತು. ಇಷ್ಟಾಗಿಯೂ ಲ್ಯಾಬಿನ ಕೆಲಸ ಬಿಟ್ಟದ್ದು ಆ ದಶಕದ ಕೊನೆಯಲ್ಲಿ.

ಆಮೇಲಿನ ದುಡಿಮೆ ಬೇರೆ ಥರದ್ದು. ಸಮುದ್ರಯಾನ, ನಗರ ಮತ್ತು ಯೋಧರು ಎಂದು ‘ಕಟಾನ್’ಗೆ ಪೂರಕ ಭಾಗಗಳು ಬಂದವು, ಆಟ ಹತ್ತಾರು ಭಾಷೆಗೆ ಹೋಯಿತು, ಮಾರಾಟ ಮೂರು ಕೋಟಿ ದಾಟಿತು. ಮನೆಮಂದಿಯದೇ ಕಂಪನಿಯಾಯಿತು, ಹಿಂದೆ ಮಾದರಿಗಳನ್ನು ಆಡಿ ನೋಡುತ್ತಿದ್ದ ಗಂಡುಮಕ್ಕಳು ಅದಕ್ಕೆ ಸೇರಿದರು. ಹೊಸ ಆಟಗಳನ್ನು ಕಟ್ಟುವುದನ್ನು ಟಾಯ್ಬರ್ ನಿಲ್ಲಿಸಲಿಲ್ಲ. ಯಾವುದೂ ಕಟಾನ್‌ನ ಎತ್ತರ ಮುಟ್ಟಲಿಲ್ಲ. ಅವರು ತೀರಿಕೊಂಡದ್ದು 2023ರ ಏಪ್ರಿಲ್ 1ರಂದು. ಮರುವರ್ಷ ಬಂದ ‘ಕಟಾನ್: ನ್ಯೂ ಎನರ್ಜೀಸ್’ನಲ್ಲಿ ದ್ವೀಪದವರು ಮಾಲಿನ್ಯದ ಜೊತೆ ಹೆಣಗುತ್ತಾರೆ. ಕರ್ತೃಗಳೆಂದು ಅದಕ್ಕಿರುವುದು ಎರಡು ಹೆಸರು: ಕ್ಲೌಸ್ ಮತ್ತು ಮಗ ಬೆಂಜಮಿನ್.